ಒಬ್ಬನ ಅಂಗಡಿಯಿಂದ ದೇಶದ ಊಟ ಆಗಲಿಲ್ಲ

1860ರ ಸುಮಾರಿಗೆ ಜೋಸೆಫ್ ಮಾಲಿನ್ ಪೂರ್ವ ಲಂಡನ್ನಿನಲ್ಲಿ ಅಂಗಡಿ ತೆರೆದ, ಅಲ್ಲಿಂದಲೇ ಕರಿದ ಮೀನು, ಆಲೂಗಡ್ಡೆಯ ಫಿಶ್ ಆ್ಯಂಡ್ ಚಿಪ್ಸ್ ಬ್ರಿಟನ್ನಿನ ರಾಷ್ಟ್ರೀಯ ತಿನಿಸಾಯಿತು ಎಂದು ನಾನು ಓದಿದ ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಉತ್ತರ ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯ ಮಾಸ್ಲಿ ಊರಿನವರು ತಮ್ಮ ಜಾನ್ ಲೀಸ್‌ನೇ ಮೊದಲಿಗ ಎನ್ನುತ್ತಾರೆ. ಆ ಜಗಳ ಇರಲಿ. ಒಂದು ಅಂಗಡಿಯಿಂದ ಯಾವ ತಿನಿಸೂ ದೇಶದ ಊಟ ಆಗುವುದಿಲ್ಲ, ಅಲ್ವಾ?

ಅದನ್ನು ಬೆಳೆಸಿದ್ದು ಉತ್ತರದ ಹತ್ತಿ ಗಿರಣಿಗಳ ಕಾರ್ಮಿಕರು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು. ದಣಿದು ಬಂದ ಹೆಂಗಸರಿಗೆ ಮತ್ತೆ ಒಲೆ ಹಚ್ಚಲು ತ್ರಾಣ ಎಲ್ಲಿರಬೇಕು? ಚಿಲ್ಲರೆ ಕಾಸಿಗೆ ಬಿಸಿಬಿಸಿ ಮೀನು, ಹೊಟ್ಟೆ ತುಂಬುವಷ್ಟು ಆಲೂಗಡ್ಡೆ ಸಿಕ್ಕಿದ್ದು ಅವರಿಗೆ ದೊಡ್ಡ ಆಸರೆ. ಹಬೆಯಂತ್ರದಿಂದ ಓಡುವ ಮೀನುಗಾರಿಕೆ ಹಡಗುಗಳಾದ ಟ್ರಾಲರ್‌ಗಳು ಉತ್ತರ ಸಮುದ್ರದಲ್ಲಿ ಹಿಡಿದ ಮೀನು ಬಂದರು ಊರಾದ ಗ್ರಿಮ್ಸ್‌ಬಿಯಿಂದ ರೈಲಿನಲ್ಲಿ ಒಳನಾಡಿಗೆ ಬೇಗ ಬರದಿದ್ದರೆ ಇದು ಸಾಧ್ಯವೇ ಇರಲಿಲ್ಲ.

'ಅಪ್ಪಟ ಇಂಗ್ಲಿಷ್ ತಿನಿಸು' ಅನ್ನೋ ಮಾತೂ ಸರಿಯಲ್ಲ. ಮೀನನ್ನು ಹೀಗೆ ಕರಿಯುವ ರೂಢಿ ಸ್ಪೇನ್, ಪೋರ್ಚುಗಲ್‌ನಿಂದ ಬಂದ ಯಹೂದಿಗಳದ್ದು ಎಂದು ಇತಿಹಾಸಕಾರರು ಹೇಳುತ್ತಾರೆ. ಮಾಲಿನ್ ಕೂಡ ಯಹೂದಿಯೇ. ಅದನ್ನು ಬಿಟ್ಟು ಅವನಿಗೆ ಸುಮ್ನೆ ಹೊಗಳಿಕೆ ಕೊಟ್ಟರೆ ಹೇಗೆ?

ಎರಡನೇ ಮಹಾಯುದ್ಧದಲ್ಲಿ ಮಾಂಸ, ಬೆಣ್ಣೆ, ಸಕ್ಕರೆಗೆಲ್ಲ ರೇಷನ್ ಬಂತು. ಫಿಶ್ ಆ್ಯಂಡ್ ಚಿಪ್ಸ್‌ಗೆ ಮಾತ್ರ ಸರ್ಕಾರ ರೇಷನ್ ಹಾಕಲಿಲ್ಲ. ದುಡಿಯುವ ಜನ ಅದನ್ನು ಎಷ್ಟು ನೆಚ್ಚಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಜಾಸ್ತಿ ಪುರಾವೆ ಬೇಕಾ? ಲೇಖನದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.