ನೆರಳು ಹುಡುಕಿಕೊಂಡು ಹೋದ ಕಡಲು

ನಮ್ಮ ಕಡೆ ಕಡಲು ನೋಡುವುದು ಒಂದು ಸಂಜೆಯ ಕೆಲಸ. ಪ್ಯಾಂಟು ಮಡಚಿ ನೀರಿಗಿಳಿಯಬೇಕು, ಫೋಟೋ ತೆಗೆಸಿಕೊಳ್ಳಬೇಕು, ಚುರುಮುರಿ ತಿನ್ನಬೇಕು, ಸೂರ್ಯ ಮುಳುಗಿದ ಮೇಲೆ ಕಾಲಿನ ಮರಳು ಕೊಡವಿ ಹೊರಡಬೇಕು. ಇಟಲಿಯವರು ಕಡಲಿಗೆ ಹೋಗುವುದು ಮಲಗುವುದಕ್ಕೆ. ಅದೂ ನೆತ್ತಿ ಸುಡುವ ಬಿಸಿಲಲ್ಲಿ. ನಾವು ಚಿಕ್ಕಂದಿನಿಂದ ‘ಬಿಸಿಲಲ್ಲಿ ಅಲೀಬೇಡ, ಕಪ್ಪಾಗ್ತೀಯ’ ಎಂದು ಬೈಸಿಕೊಂಡೇ ಬೆಳೆದವರು. ಅವರು ಕಪ್ಪಾಗುವುದಕ್ಕೆಂದೇ ರಜೆ ಹಾಕುತ್ತಾರೆ!

ಲಿಗುರಿಯಾ ಕರಾವಳಿಯ ಲೆವಾಂತೊ ಎಂಬ ಊರಿಗೆ ಹೋದಾಗ ಈ ವ್ಯತ್ಯಾಸ ನನಗೆ ಲಾಭವಾಯಿತು. ಲೆವಾಂತೊದಿಂದ ರೈಲು ಹತ್ತಿದರೆ ಐದಾರು ನಿಮಿಷಕ್ಕೆ ಮೊಂತೆರೊಸ್ಸೊ. ಅಲ್ಲಿಂದ ಚಿಂಕ್ವೆ ತೆರ್ರೆಯ ಐದು ಊರುಗಳು ಶುರು. 1997ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಊರುಗಳು ಅವು. ಜನರೆಲ್ಲ ಅಲ್ಲಿಗೇ ನುಗ್ಗುವುದರಿಂದ ಲೆವಾಂತೊ ಸ್ವಲ್ಪ ಉಸಿರಾಡುತ್ತದೆ. ಆದರೆ ಬೇಸಿಗೆಯಲ್ಲಿ ಅದರ ದೊಡ್ಡ ಬೀಚೂ ತುಂಬಿಹೋಗುತ್ತದೆ. ಒಂದೇ ಬಣ್ಣದ ಛತ್ರಿಗಳು, ಒಂದೇ ಅಳತೆಯ ಒರಗು ಕುರ್ಚಿಗಳು, ಮದುವೆಮನೆಯ ಊಟದ ಪಂಕ್ತಿಯಷ್ಟು ಸಾಲಾಗಿ. ಇದೆಲ್ಲ ಬಾಡಿಗೆ ವ್ಯವಹಾರ. ನೀರಿಗೆ ಹತ್ತಿರದ ಸಾಲಿಗೆ ದುಡ್ಡು ಜಾಸ್ತಿ. ಇಡೀ ಸೀಸನ್ನಿಗೆ ಛತ್ರಿ ಬಾಡಿಗೆಗೆ ಹಿಡಿದು, ವರ್ಷ ವರ್ಷ ಅದೇ ಜಾಗಕ್ಕೆ ಬರುವ ಕುಟುಂಬಗಳೂ ಇವೆ. ದುಡ್ಡು ಕೊಡದವರಿಗೆ ಮಧ್ಯೆ ಮಧ್ಯೆ ಒಂದಿಷ್ಟು ಉಚಿತ ಬೀಚು. ಅಲ್ಲಿ ಟವೆಲ್ ಹಾಸಿದವನದೇ ಜಾಗ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಗೊತ್ತಿರುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನೀರಂಚಿನಲ್ಲಿ ನಡೆದಾಡುವುದು ಮಾತ್ರ ಕಾನೂನಿನ ಪ್ರಕಾರ ಎಲ್ಲರಿಗೂ ಮುಕ್ತ. ಛತ್ರಿಯ ಮಾಲೀಕ ತಡೆಯುವ ಹಾಗಿಲ್ಲ.

ನಮಗೆ ಬೇಕಾಗಿದ್ದು ಗಲಾಟೆ ಇಲ್ಲದ ಒಂದಿಷ್ಟು ನೀರು, ಕೂರುವುದಕ್ಕೆ ನೆರಳು. ಅದು ಸಿಕ್ಕಿದ್ದು ರೈಲ್ವೆ ಇಲಾಖೆಯ ಪುಣ್ಯದಿಂದ.

ಜಿನೋವಾದಿಂದ ಲಾ ಸ್ಪೆತ್ಸಿಯಾಕ್ಕೆ ಹೋಗುವ ರೈಲು ಮಾರ್ಗ ಪೂರ್ತಿಯಾಗಿದ್ದು 1874ರಲ್ಲಿ. ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುವ ಜಾಗ ಇದು. ಹಳಿ ಹಾಕಲು ಚಪ್ಪಟೆ ನೆಲವೇ ಇಲ್ಲ. ಹಾಗಾಗಿ ನೀರಿನ ಪಕ್ಕದಲ್ಲೇ ಸುರಂಗದ ಮೇಲೆ ಸುರಂಗ ಕೊರೆದರು. ಸುಮಾರು ನೂರು ವರ್ಷದ ನಂತರ ಜೋಡಿ ಹಳಿ ಬೇಕಾಯಿತು. ಹೊಸ ಮಾರ್ಗವನ್ನು ಗುಡ್ಡದ ಒಳಗೆ ಹಾಕಿ, ಹಳೆಯದನ್ನು ಬಿಟ್ಟರು. ಆ ಹಳೇ ಮಾರ್ಗವೇ ಈಗ ಲೆವಾಂತೊದಿಂದ ಬೊನಾಸ್ಸೋಲಾ ಮೂಲಕ ಫ್ರಾಮುರಾದ ತನಕ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ. ಬೊನಾಸ್ಸೋಲಾಕ್ಕೆ 2.5 ಕಿ.ಮೀ. ಅಷ್ಟೇ. ಏರು ಇಲ್ಲ, ಇಳಿಜಾರಿಲ್ಲ. ರೈಲಿಗೆಂದು ಮಾಡಿದ ದಾರಿ, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಹಾಗಿದೆ.

ಸುರಂಗದೊಳಗೆ ಕಾಲಿಟ್ಟರೆ ಆಗಸ್ಟ್ ತಿಂಗಳಲ್ಲೂ ಮೈ ಜುಮ್ಮೆನ್ನುವ ತಂಪು. ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ಗೋಡೆಗೆ ಸರಿಯಬೇಕು. ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದಿಷ್ಟು ಬೆಳಕು. ಅಲ್ಲೆಲ್ಲೋ ಪಕ್ಕಕ್ಕೆ ಇಳಿದರೆ ಪುಟ್ಟ ಪುಟ್ಟ ಕಲ್ಲಿನ ಬೀಚು. ಛತ್ರಿ ಇಲ್ಲ, ಅಂಗಡಿ ಇಲ್ಲ, ಶೌಚಾಲಯ ಇಲ್ಲ. ಇಲ್ಲಗಳು ಇಷ್ಟಿದ್ದರೆ ಜನರೂ ಇರುವುದಿಲ್ಲ.

ಇನ್ನೊಂದು ಗುಟ್ಟಿದೆ. ಈ ಕರಾವಳಿಯ ಮುಖ ನೈಋತ್ಯಕ್ಕೆ, ಗುಡ್ಡ ಬೆನ್ನಿಗೆ. ಬೆಳಗಿನ ಹೊತ್ತು ಗುಡ್ಡದ ನೆರಳು ನೀರಿನ ತನಕ ಚಾಚಿರುತ್ತದೆ. ಬಿಸಿಲು ಕಾಯಿಸುವವರಿಗೆ ನೆರಳಲ್ಲಿ ಏನು ಕೆಲಸ? ಬಿಸಿಲು ಬಂದ ಮೇಲೇ ಅವರು ಬರುವುದು. ಅಲ್ಲಿಯವರೆಗೆ ಬೀಚು ನಮ್ಮದು.

ಲಿಗುರಿಯಾದಲ್ಲಿ ಮರಳು ಕಡಿಮೆ, ಕಲ್ಲು ಜಾಸ್ತಿ. ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಶಿಕ್ಷೆ. ನೀರಲ್ಲಿ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ಊರಲ್ಲೆಲ್ಲ ಮಾರುವುದು ಸುಮ್ನೆ ಅಲ್ಲ. ಆದರೆ ಕೂತು ನೋಡಿದರೆ ಕಲ್ಲಿನದ್ದೇ ಒಂದು ಆಟ. ಒಣಗಿದ್ದಾಗ ಎಲ್ಲವೂ ಬೂದು ಬಣ್ಣ. ಅಲೆ ಬಂದು ಹೋಯಿತೋ, ಅದೇ ಕಲ್ಲು ಹಣ್ಣಾದ ನೇರಳೆಯಂತೆ ಕಪ್ಪುಗೆಂಪು. ಮೇಲೆ ಬಿಳಿ ಗೀರು, ಅಲ್ಲಲ್ಲಿ ಹಸಿರು. ರೊಸ್ಸೊ ಲೆವಾಂತೊ ಎಂದು ಮಾರ್ಬಲ್ ವ್ಯಾಪಾರದಲ್ಲಿ ಹೆಸರಾದ ಕಲ್ಲು ಈ ಸುತ್ತಿನ ಗಣಿಗಳದ್ದೇ. ಒಂದು ನಿಮಿಷ ಗಾಳಿಗೆ ಬಿಟ್ಟರೆ ಮತ್ತೆ ಬೂದು. ಚಂದದ್ದೊಂದನ್ನು ಹೆಂಡತಿ ಬ್ಯಾಗಿಗೆ ಹಾಕಿಕೊಂಡಳು. ಇಟಲಿಯಲ್ಲಿ ಬೀಚಿನ ಕಲ್ಲು, ಮರಳು ಒಯ್ದರೆ ದಂಡ ಎಂದೆ. “ಒಂದು ಕಲ್ಲಿಗೂ?” ಎಂದಳು. “ಒಂದಕ್ಕೂ.” ಹೊರಗೆ ತೆಗೆದು, ಮನಸ್ಸಿಲ್ಲದ ಮನಸ್ಸಿನಿಂದ ನೀರಿಗೆ ಎಸೆದಳು.

ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಗೋಕರ್ಣದಲ್ಲಿ ಚಪ್ಪಲಿ ದಂಡೆಯಲ್ಲಿಟ್ಟು ಅರ್ಧ ಗಂಟೆ ಮರೆತರೆ ಅದು ನಿಮ್ಮದಲ್ಲ. ಇಲ್ಲಿ ನೀರಿನಿಂದ ನಾಲ್ಕು ಮಾರು ದೂರ ಬ್ಯಾಗಿಟ್ಟು, ಬೆಳಗಿನಿಂದ ಮಧ್ಯಾಹ್ನದ ತನಕ ಕೂರಬಹುದು. ಗಾಳಿ ಏಳದಿದ್ದರೆ ಸರಿ.

ಕೂರಬಹುದು, ನಿಜ. ಕೂತು ಏನು ಮಾಡುವುದು ಅನ್ನುವುದೇ ಕಷ್ಟ. ಮಲಗಿ ಅಭ್ಯಾಸ ಇಲ್ಲ. ಮೊಬೈಲು ನೋಡಿದರೆ ಇಷ್ಟು ದೂರ ಬಂದಿದ್ದು ದಂಡ. ಹತ್ತು ನಿಮಿಷಕ್ಕೇ ‘ಮುಂದೇನು’ ಎಂದು ತಲೆ ಕೇಳತೊಡಗುತ್ತದೆ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಗರಗರ ಅನ್ನುತ್ತವೆ. ಅದನ್ನೇ ಕೇಳುತ್ತಾ ಕೂತೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬೇಜಾರು ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದು ಹೋಯಿತು.

ಹನ್ನೊಂದರ ಹೊತ್ತಿಗೆ ನೆರಳು ಗುಡ್ಡದ ಬುಡಕ್ಕೆ ಸರಿಯಿತು. ಟವೆಲ್ಲುಗಳು ಒಂದೊಂದಾಗಿ ಇಳಿದವು. ಒಬ್ಬ ಅಜ್ಜಿ ಮಡಚುವ ಕುರ್ಚಿ ಹೊತ್ತು ಬಂದು, ನಾವು ಜಾಗ ಬಿಟ್ಟಿದ್ದೇ ತಡ, ಅಲ್ಲೇ ಊರಿದರು.

ಸುರಂಗ ದಾಟಿ ಲೆವಾಂತೊಗೆ ಬಂದು, ಸುತ್ತಾಡಿ, ಗತ್ತಫಿನ್ ಕಟ್ಟಿಸಿಕೊಂಡೆವು. ಹಿಟ್ಟಿನೊಳಗೆ ಸೊಪ್ಪು, ಚೀಸು ತುಂಬಿ ಕರಿದ ತಿಂಡಿ ಅದು, ಆ ಊರಿನದೇ. ಬೀಚಿನ ಕಡೆ ತಿರುಗಿದರೆ, ಆಗಲೇ ಮಧ್ಯಾಹ್ನ ಒಂದು ಗಂಟೆ. ಇಟಲಿಯವರಿಗೆ ಊಟದ ಹೊತ್ತೆಂದರೆ ಹೊತ್ತು. ಜನ ಮನೆಗೆ, ಹೋಟೆಲಿಗೆ ಎದ್ದು ಹೋಗಿದ್ದರು. ಉಂಡ ಮೇಲೆ ಎರಡು ಮೂರು ಗಂಟೆ ನೀರಿಗಿಳಿಯಬಾರದು ಎಂದು ಅಲ್ಲಿನ ತಾಯಂದಿರ ಕಟ್ಟಪ್ಪಣೆ ಬೇರೆ. ಮಕ್ಕಳ ಕೂಗಾಟವೂ ಇಲ್ಲ. ಬಿಚ್ಚಿದ ಛತ್ರಿಗಳ ಕೆಳಗೆ ಸಾಲು ಸಾಲು ಖಾಲಿ ಕುರ್ಚಿ, ತುಂಬಾ ನೆರಳು.

“ರೀ, ಇಲ್ಲೇ ಇತ್ತಲ್ಲ ಎಲ್ಲಾ,” ಎಂದಳು ಹೆಂಡತಿ, ಗತ್ತಫಿನ್ ಪೊಟ್ಟಣ ಬಿಚ್ಚುತ್ತಾ. “ಅದಕ್ಕೆ ಅಷ್ಟು ದೂರ ನಡೆಸಿದ್ರಾ?”