ಚಿನ್ನ ಸೂರ್ಯನಲ್ಲಿ ತಯಾರಾಗುವುದಿಲ್ಲ: ಒಂದು ಸ್ಪಷ್ಟನೆ

‘ಸೂರ್ಯನ ಒಡಲಲ್ಲಿ ದಿನವೂ ಚಿನ್ನ ತಯಾರಾಗುತ್ತದೆ, ಕೋಲಾರದ ಚಿನ್ನವೂ ಅಲ್ಲಿಂದಲೇ ಬಂದದ್ದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸೂರ್ಯನ ಬೆಳಕಿನಲ್ಲಿ ಚಿನ್ನದ ಗುರುತು ಸಿಕ್ಕಿದೆ ಎಂಬುದೇ ಅದಕ್ಕೆ ಕೊಟ್ಟಿರುವ ಆಧಾರ. ಗುರುತು ಸಿಕ್ಕಿರುವುದು ನಿಜ, ತೀರ್ಮಾನ ತಪ್ಪು. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯ ಯಾವ ಅನಿಲ-ಧೂಳಿನ ಮೋಡದಿಂದ ಹುಟ್ಟಿದನೋ ಆ ಮೋಡದಲ್ಲೇ ಚಿನ್ನವಿತ್ತು. ಭೂಮಿಗೂ ಅದೇ ಮೋಡದ ಪಾಲು ಬಂದಿದೆ.

ಸೂರ್ಯನ ಗರ್ಭದ ತಾಪ ಸುಮಾರು 1.5 ಕೋಟಿ ಡಿಗ್ರಿ. ಹೈಡ್ರೋಜನ್ ಹೀಲಿಯಂ ಆಗಲು ಅಷ್ಟು ಸಾಕು, ಚಿನ್ನಕ್ಕೆ ಸಾಲದು. ದೈತ್ಯ ನಕ್ಷತ್ರಗಳಲ್ಲೂ ಇಂಥ ಸಮ್ಮಿಳನ (ಹಗುರ ಧಾತುಗಳು ಬೆಸೆದು ಭಾರ ಧಾತುವಾಗುವುದು) ಕಬ್ಬಿಣದ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಏಕೆಂದರೆ ಅಲ್ಲಿಂದಾಚೆಗೆ ಅದರಿಂದ ಶಕ್ತಿ ಸಿಗುವುದಿಲ್ಲ. ಬಹುಪಾಲು ಚಿನ್ನ ಹುಟ್ಟುವುದು ನ್ಯೂಟ್ರಾನ್‌ಗಳ ಸುರಿಮಳೆಯಲ್ಲಿ. ಪರಮಾಣುವಿನ ಬೀಜಕೇಂದ್ರ ಕ್ಷಣಮಾತ್ರದಲ್ಲಿ ಹತ್ತಾರು ನ್ಯೂಟ್ರಾನ್‌ಗಳನ್ನು ನುಂಗುತ್ತದೆ. ಅಷ್ಟನ್ನು ಹೊತ್ತುಕೊಂಡು ಅದು ಸ್ಥಿರವಾಗಿರಲಾರದು. ಆಗ ಬೀಟಾ ಕ್ಷಯ ಶುರುವಾಗಿ ಒಂದೊಂದೇ ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಧಾತುವೇ ಬದಲಾಗುತ್ತದೆ. 79 ಪ್ರೋಟಾನ್‌ಗಳಾದರೆ ಅದು ಚಿನ್ನ.

ಇಂಥ ಸುರಿಮಳೆ ನ್ಯೂಟ್ರಾನ್ ತಾರೆಗಳ ಡಿಕ್ಕಿಯಲ್ಲಿ ಆಗುತ್ತದೆ. ಈ ತಾರೆಗಳೆಂದರೆ ಸತ್ತ ದೈತ್ಯ ನಕ್ಷತ್ರಗಳ, ಬಹುತೇಕ ನ್ಯೂಟ್ರಾನ್‌ಗಳೇ ತುಂಬಿದ ತಿರುಳು. ಇದು ಬರೀ ಲೆಕ್ಕಾಚಾರವಲ್ಲ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದದ್ದರ ಗುರುತ್ವ ಅಲೆ (ದೇಶ-ಕಾಲದಲ್ಲೇ ಏಳುವ ಕಂಪನ) ಮತ್ತು ಬೆಳಕು ಎರಡೂ ನಮ್ಮನ್ನು ತಲುಪಿದವು. ನೀಲಿಯಾಗಿದ್ದ ಹೊಳಪು ಕೆಲವೇ ದಿನಗಳಲ್ಲಿ ಕೆಂಪಿಗೆ ತಿರುಗಿ ಮಂಕಾಯಿತು. ಹೊಸದಾಗಿ ಹುಟ್ಟಿದ ಭಾರ ಧಾತುಗಳ ವಿಕಿರಣ ಕ್ಷಯವೇ ಆ ಹೊಳಪನ್ನು ಕಾಯಿಸುತ್ತಿತ್ತು. 2019ರಲ್ಲಿ ಅದೇ ಬೆಳಕಿನಲ್ಲಿ, ಹೀಗೆ ನ್ಯೂಟ್ರಾನ್ ನುಂಗಿ ಹುಟ್ಟುವ ಸ್ಟ್ರಾನ್ಷಿಯಂ ಎಂಬ ಧಾತು ಇರುವುದನ್ನು ಗುರುತಿಸಿದರು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.