ಐವತ್ತು ಸಾವಿರ ಸಾಲದೇ ಎನ್ನುವವರಿಗೆ

ಬೆಂಗಳೂರಿನಲ್ಲಿ ತಿಂಗಳಿಗೆ ಐವತ್ತು ಸಾವಿರ ಬಂದರೆ ಆರಾಮವಾಗಿ ಇರಬಹುದಲ್ಲ ಎಂದು ಚಿಕ್ಕಪ್ಪ ಮತ್ತೆ ಹೇಳಿದರು. ಯಾವ ಆರಾಮ? 2025ರ ಮೊದಲ ನಾಲ್ಕು ತಿಂಗಳೊಳಗೇ ಬಸ್ ದರ ಶೇಕಡ 15 ಏರಿತು, ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು, ಹಾಲು ಲೀಟರಿಗೆ 4 ರೂಪಾಯಿ ತುಟ್ಟಿಯಾಯಿತು. ಸಂಬಳ ಮಾತ್ರ ಕದಲಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದ್ದಂತೆ ಮಾಲೀಕರು ಬಾಡಿಗೆ ಏರಿಸುತ್ತಾರೆ. ಬೇಡವೆಂದು ಮನೆ ಖಾಲಿ ಮಾಡಿದರೆ ಬಣ್ಣದ ಲೆಕ್ಕ ಹೇಳಿ ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದವರಿಗೂ ಇದೇ ಶಿಕ್ಷೆ! ಎಲ್‌ಕೆಜಿ ಶುಲ್ಕ, ಟ್ಯಾಂಕರ್ ನೀರು, ಅಪ್ಪನ ಬಿಪಿ ಮಾತ್ರೆ ಎಂದು ಕೊಡುತ್ತಾ ಹೋದರೆ ಇಪ್ಪತ್ತನೆಯ ತಾರೀಖಿಗೇ ಖಾತೆ ಬರಿದು. ಉಳಿತಾಯ ಮಾಡು ಎನ್ನುತ್ತಾರೆ. ಯಾವುದನ್ನು ಕಡಿಮೆ ಮಾಡಲಿ? ಮಗುವಿನ ಹಾಲನ್ನೇ, ಅಪ್ಪನ ಮಾತ್ರೆಯನ್ನೇ?